ಹದಿಮೂರು ದೇವರು, ಆರು ನವೆಂಬರ್

೧೯೯೬ನೇ ಇಸವಿ ನವೆಂಬರ್ ೯, ಶನಿವಾರ, ಬೆಳಿಗ್ಗೆ ಹತ್ತೂವರೆ. ಅಮೆರಿಕದ ಗೈದರ್ಸ್‌ಬರ್ಗಿನಲ್ಲಿ ನನ್ನ ಮಗಳ ಮನೆ. ಹಾಜರಿದ್ದವರು ನಾನು, ಮಗಳು ಮತ್ತು ಅಳಿಯ. ಹನ್ನೊಂದಕ್ಕೆ ಒಬ್ಬಳು ಬರುವವಳಿದ್ದಳು. ಅವಳಿಗೆ ಕೊಡಬೇಕಾದ್ದನ್ನು ತೆಗೆದಿಡೋಣವೆಂದು ನನ್ನ ಕೋಣೆಯ ತಗಡಿನ ಟ್ರಂಕು ತೆರೆದೆ. ಒಳಗೆ ಹದಿಮೂರು ದೇವರಿದ್ದರು. ದಿನಗಳು ಇರಲಿಲ್ಲ.

ನಮ್ಮ ಕಡೆಯ ಗೋಡೆ ಕ್ಯಾಲೆಂಡರ್ ಹೇಗಿರುತ್ತದೆಂದು ಓದುವವರಿಗೆ ಗೊತ್ತು. ಮೇಲೆ ರಟ್ಟಿನ ಮೇಲೆ ಲಕ್ಷ್ಮಿಯೋ ಗಣಪತಿಯೋ; ಕೆಳಗೆ ಪಿನ್ನು ಹೊಡೆದ ಹನ್ನೆರಡು ತಿಂಗಳ ಹಾಳೆಗಳು. ಆ ಹಾಳೆಗಳ ಚೌಕಗಳಲ್ಲಿ ಹಾಲು ಬಾರದ ದಿನ, ಗ್ಯಾಸ್ ಬಂದ ದಿನ, ಮಗುವಿಗೆ ಜ್ವರ ಹಿಡಿದ ದಿನ, ಎಲ್ಲ ಬರೆಯುತ್ತೇವೆ. ನಮ್ಮ ಮನೆಯಲ್ಲಿ ಬಾವಲಿ ಬಂದ ದಿನವನ್ನೂ ಬರೆಯುತ್ತಿದ್ದೆವು.

೧೯೭೪ರಿಂದ ೧೯೮೬ರವರೆಗೆ ನಾನೂ ನನ್ನ ಯಜಮಾನರೂ ಉತ್ತರ ಜಾಂಬಿಯಾದ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಪಾಠ ಹೇಳಿದೆವು. ಅವರದು ಗಣಿತ, ನನ್ನದು ಜೀವಶಾಸ್ತ್ರ. ಮೈಸೂರಿನಿಂದ ಅಣ್ಣ ಪ್ರತಿವರ್ಷ ಒಂದು ಕ್ಯಾಲೆಂಡರನ್ನು ಹಡಗಿನ ಅಂಚೆಯಲ್ಲಿ ಕಳಿಸುತ್ತಿದ್ದ. ಕೈ ಸೇರುವಾಗ ಏಪ್ರಿಲ್ ಆಗಿರುತ್ತಿತ್ತು. ಆದರೂ ಬಾವಲಿಗಳಿಗಿಂತ ಮೊದಲೇ ಬರುತ್ತಿತ್ತು.

ಶಾಲೆಯಿಂದ ಎರಡು ಮೈಲಿ ದೂರದಲ್ಲಿ ಜೌಗು ನೆಲದ ಒಂದು ಸಣ್ಣ ಕಾಡಿತ್ತು. ಸುತ್ತಲೂ ಒಣ ಬಯಲು, ನಡುವೆ ಆ ಒಂದು ಹಸಿರು ತುಂಡು. ವರ್ಷದ ಹತ್ತು ತಿಂಗಳು ಅದು ಸುಮ್ಮನೆ ಕಾಡು. ಮೊದಲ ಮಳೆ ಬಿದ್ದು ಕಾಡುಹಣ್ಣುಗಳು ಮಾಗುವ ಹೊತ್ತಿಗೆ, ಒಂದು ಸಂಜೆ, ಅದರ ಮೇಲಿನ ಆಕಾಶ ಕುದಿಯುತ್ತಿತ್ತು. ಒಣಹುಲ್ಲಿನ ಬಣ್ಣದ ಕುತ್ತಿಗೆಯ, ತೋಳುದ್ದ ರೆಕ್ಕೆಯ ಹಣ್ಣುಬಾವಲಿಗಳು. ಎಣಿಸಲು ಹೋಗಿ ನನ್ನ ಗಣಿತದ ಮೇಷ್ಟರೇ ಸೋತಿದ್ದರು. ಹಗಲು ಗೊಂಚಲುಗೊಂಚಲಾಗಿ ತೂಗಿ ಕೊಂಬೆಗಳನ್ನು ಮುರಿಯುತ್ತಿದ್ದವು, ಸೂರ್ಯ ಮುಳುಗಿದ ಕೂಡಲೇ ಹಣ್ಣು ಹುಡುಕಿಕೊಂಡು ಹೋಗುತ್ತಿದ್ದವು. ಕ್ರಿಸ್‌ಮಸ್ ಆಸುಪಾಸಿನಲ್ಲಿ ಒಂದು ದಿನ ನೋಡಿದರೆ ಒಂದೂ ಇರುತ್ತಿರಲಿಲ್ಲ. ಕಾಂಗೋ ಕಡೆಯಿಂದ ಬರುತ್ತವೆ ಎಂದು ಎಲ್ಲರೂ ಹೇಳುತ್ತಿದ್ದರು. ಅವುಗಳ ಹಿಂದೆ ಹೋಗಿ ನೋಡಿದವರು ಯಾರೂ ಇರಲಿಲ್ಲ.

ಬಾವಲಿ ಬಂದ ದಿನದ ಚೌಕದಲ್ಲಿ ಯಜಮಾನರು ಕೆಂಪು ಶಾಯಿಯಲ್ಲಿ 'ಬಾ. ಬಂತು' ಎಂದು ಬರೆಯುತ್ತಿದ್ದರು, ಹೋದ ದಿನ 'ಬಾ. ಹೋಯ್ತು'. ಹದಿಮೂರು ವರ್ಷ ಒಂದೂ ತಪ್ಪಲಿಲ್ಲ. ಅವರು ತೀರಿಕೊಂಡು ಈಗ ನಾಲ್ಕು ವರ್ಷ. ಅವರ ಅಕ್ಷರ ನನ್ನಲ್ಲಿ ಉಳಿದದ್ದು ಆ ಚೌಕಗಳಲ್ಲಿ.

ಹನ್ನೊಂದಕ್ಕೆ ಬರಬೇಕಾದವಳು ಆ ಶಾಲೆಯ ನನ್ನ ವಿದ್ಯಾರ್ಥಿನಿ. ಆಗ ಬರಿಗಾಲಿನಲ್ಲಿ ಬರುತ್ತಿದ್ದ ಹುಡುಗಿ, ಈಗ ಇಲ್ಲಿನ ಒಂದು ವಿಶ್ವವಿದ್ಯಾಲಯದಲ್ಲಿ ಆ ಬಾವಲಿಗಳ ಮೇಲೆಯೇ ಪ್ರಬಂಧ ಬರೆಯುತ್ತಿದ್ದಳು. ವಾಸ ಫೇರ್‌ಫ್ಯಾಕ್ಸಿನಲ್ಲಿ. ಬಾವಲಿಗಳು ಎಷ್ಟು ಹೊತ್ತಿಗೆ ಏಳುತ್ತವೆಂದು ಶಾಲೆಯ ನೀರಿನ ಟ್ಯಾಂಕಿನ ಮೇಲೆ ನಿಂತು ಬರೆಯುವ ಕೆಲಸವನ್ನು ನಾನು ಮಕ್ಕಳಿಗೆ ಸರದಿಯಲ್ಲಿ ಕೊಡುತ್ತಿದ್ದೆ. ಒಂದು ಸಂಜೆ ಇವಳು ಟ್ಯಾಂಕು ಹತ್ತದೆ, ಮನೆಯಲ್ಲೇ ಕುಳಿತು 'ಆರೂ ಹತ್ತು' ಎಂದು ಬರೆದು ತಂದಳು. ಮರುದಿನ ಅವಳ ಕೈಯಲ್ಲಿ 'ನಾನು ನೋಡಲಿಲ್ಲ' ಎಂದು ಐವತ್ತು ಸಲ ಬರೆಸಿದೆ.

ಮೂರು ವಾರದ ಹಿಂದೆ ಅವಳ ಫೋನು ಬಂದಿತ್ತು. ನವೆಂಬರ್ ಹದಿಮೂರರ ಬುಧವಾರ ಅವಳ ಪ್ರಬಂಧ ನೋಡುವ ಸಮಿತಿಯ ಸಭೆ. ಈ ಬಾವಲಿಗಳು ಎಲ್ಲೋ ಅಲೆಯುತ್ತ ಬಂದು ಇಳಿಯುವುದಲ್ಲ, ಪ್ರತಿವರ್ಷ ಅದೇ ಒಂದು ತುಂಡು ಕಾಡಿಗೆ, ಹೆಚ್ಚುಕಡಿಮೆ ಅದೇ ದಿನಗಳಲ್ಲಿ ಬರುತ್ತವೆ ಎಂಬುದು ಅವಳ ವಾದ. ಆದ್ದರಿಂದ ಅವು ಬರುವ ಮೊದಲಿನ ಬೇಸಿಗೆಯಲ್ಲಿ ಅಲ್ಲಿ ಬೆಂಕಿ ಬೀಳಬಾರದು, ಇದ್ದಿಲಿಗಾಗಿ ಮರ ಕಡಿಯಬಾರದು ಎಂದು ಅಲ್ಲಿನ ಅರಣ್ಯ ಕಚೇರಿಗೆ ಬರೆಯಬೇಕೆಂದಿದ್ದಳು. ಅವಳ ಕೈಯಲ್ಲಿದ್ದುದು ಮೂರು ವರ್ಷದ ಲೆಕ್ಕ ಮಾತ್ರ.

"ಮೂರು ವರ್ಷ ಆಕಸ್ಮಿಕ ಇರಬಹುದು ಅಂತಾರೆ ಮೇಡಂ," ಎಂದಿದ್ದಳು. "ಹಳೆಯ ದಾಖಲೆ ತೋರಿಸದಿದ್ದರೆ ವಿಷಯ ಬದಲಾಯಿಸು ಅಂತಾರೆ. ಸರ್ ಗೋಡೆ ಮೇಲೆ ಬರೀತಿದ್ದದ್ದು ನನಗೆ ನೆನಪಿದೆ. ಅದು ಇದೆಯಾ?"

"ಇದೆ. ಒಂಬತ್ತನೇ ತಾರೀಖು ಹನ್ನೊಂದಕ್ಕೆ ಬಾ," ಎಂದೆ. ಮುಂದಿನ ವಾರ ಅಟ್ಲಾಂಟಾಕ್ಕೆ, ತಂಗಿಯ ಮನೆಗೆ ಎರಡು ವಾರಕ್ಕೆಂದು ಹೊರಟೆ. ಮಗಳಿಗೆ ಈ ವಿಷಯ ಹೇಳಲಿಲ್ಲ. ನಾನು ಇಟ್ಟ ವಸ್ತು ಇಟ್ಟಲ್ಲಿರುತ್ತದೆ; ಹೇಳುವ ಅಗತ್ಯ ಕಾಣಲಿಲ್ಲ. ಶುಕ್ರವಾರ ಸಂಜೆ ವಾಪಸು ಬಂದೆ. ಶನಿವಾರ ಟ್ರಂಕು ತೆರೆದೆ.

ಮಗಳನ್ನು ಕೂಗಿದ್ದು ಪಕ್ಕದ ಮನೆಗೂ ಕೇಳಿಸಿರಬೇಕು.

"ಕ್ಯಾಲೆಂಡರ್ ಹಾಳೆ ಎಲ್ಲಿ?"

"ಯಾವ ಹಾಳೆ ಅಮ್ಮ? ಹಬ್ಬಕ್ಕೆ ಕ್ಲೀನ್ ಮಾಡಿದ್ನಲ್ಲ, ರೀಸೈಕಲ್‌ಗೆ ಹಾಕ್ದೆ. ದೇವ್ರನ್ನ ಟ್ರ್ಯಾಶ್‌ಗೆ ಹಾಕಬಾರದು ಅಂತ ಒಂದೊಂದೇ ನೀಟಾಗಿ ಕಟ್ ಮಾಡಿ ಎತ್ತಿಟ್ಟಿದ್ದೀನಿ ನೋಡು, ಒಂದು ಮೂಲೇನೂ ಹರಿದಿಲ್ಲ."

"ದೇವರು ಹೋಗಿದ್ರೆ ಯಾವ ಅಂಗಡೀಲಿ ಕೇಳಿದ್ರೂ ಇನ್ನೊಂದು ಕೊಡ್ತಿದ್ರು ಕಣೇ! ಹಾಳೆ ಎಲ್ಲಿಂದ ತರೋದು? ನಿಮ್ಮಪ್ಪನ್ನ ಕರ್ಕೊಂಡು ಬಂದು ಮತ್ತೆ ಬರೆಸ್ತೀಯಾ?"

ಅವಳ ಮುಖ ಬಿಳಿಚಿತು. ಆಮೇಲೆ ಕೆಂಪಾಯಿತು. ಅವಳು ನನ್ನ ಮಗಳು. ಕೋಪ ಅವಳಿಗೂ ಬರುತ್ತದೆ. ಕೆಳಗಿಳಿದು ಹೋಗಿ, ಫ್ರಿಜ್ಜಿನ ಬಾಗಿಲ ಮೇಲಿದ್ದ ಕಾಗದವನ್ನು ಕಿತ್ತು ತಂದು ನನ್ನ ಮುಂದೆ ಹಿಡಿದಳು. "ಓದು. ಏಳನೇದು. ಯಾರ ಹ್ಯಾಂಡ್‌ರೈಟಿಂಗ್?"

ನನ್ನದೇ. ಅಟ್ಲಾಂಟಾಕ್ಕೆ ಹೋಗುವ ಮೊದಲು ಬರೆದಿಟ್ಟ ದೀಪಾವಳಿ ಕೆಲಸದ ಪಟ್ಟಿ. '೭. ಹಳೆಯ ಕ್ಯಾಲೆಂಡರ್‌ಗಳು: ದೇವರ ಚಿತ್ರ ತೆಗೆದಿಟ್ಟು ಉಳಿದದ್ದು ಹೊರಗೆ ಹಾಕುವುದು.' ನಾನು ಹೇಳಿದ್ದು ಅಡುಗೆಮನೆಯ ಬಾಗಿಲ ಹಿಂದೆ ತೂಗುತ್ತಿದ್ದ ಎರಡು ಹಳೆಯ ಕ್ಯಾಲೆಂಡರ್‌ಗಳನ್ನು. ಯಾವುವು ಎಂದು ಬರೆದಿರಲಿಲ್ಲ. ಮೂರು ವರ್ಷ ಮುಟ್ಟದ ವಸ್ತು ಮನೆಯಲ್ಲಿರಬಾರದು ಎಂಬುದು ನಾನೇ ಈ ಮನೆಗೆ ಹಾಕಿದ ನಿಯಮ. ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಗಂಟೆಯ ಸದ್ದಿಗೆ ಎದ್ದು, ಗಂಟೆಯ ಸದ್ದಿಗೆ ಉಂಡು ಬೆಳೆದವಳು ನಾನು. ಮಗಳನ್ನು ಹಾಗೆಯೇ ಬೆಳೆಸಿದೆ. ಅವಳು ಹೇಳಿದ್ದನ್ನು ಹೇಳಿದ ಹಾಗೆ ಮಾಡಿದ್ದಳು. ಅದರ ಮೇಲೆ ಕೂಗಾಡಲು ನನಗೆ ಏನೂ ಉಳಿದಿರಲಿಲ್ಲ. ಕೋಪ ಮಾತ್ರ ಉಳಿದಿತ್ತು.

ಅಳಿಯ ನಡುವೆ ಬಂದರು. "ಅತ್ತೆ, ಟೆನ್ಶನ್ ಮಾಡ್ಕೋಬೇಡಿ. ಹೆಂಗೂ ಅದೇ ಟೈಮಿಗೆ ಬರ್ತಿತ್ತಲ್ವಾ? ಅಂದಾಜಲ್ಲಿ ಒಂದೊಂದು ಡೇಟ್ ಹಾಕಿ ಕೊಟ್ರಾಯ್ತು. ಬಾವಲಿ ಬಂದು ಚೆಕ್ ಮಾಡುತ್ತಾ?"

"ಬಾವಲಿ ಮಾಡಲ್ಲ. ನಾನು ಮಾಡ್ತೀನಿ," ಎಂದೆ. ಅವರು ಕಾರಿನ ಕೀಲಿ ಹುಡುಕಲು ಹೋದರು. ಒಳ್ಳೆಯವರೇ.

ಹನ್ನೊಂದಕ್ಕೆ ಐದು ನಿಮಿಷವಿರುವಾಗ ವಿದ್ಯಾರ್ಥಿನಿ ಬಂದಳು. ಬೆಲ್ಟ್‌ವೇ ಹೆದ್ದಾರಿಯಲ್ಲಿ ಟ್ರಾಫಿಕ್ ಇದ್ದೀತೆಂದು ಒಂಬತ್ತಕ್ಕೇ ಹೊರಟಿದ್ದಳಂತೆ. ಒಳ್ಳೆಯ ಬೂದು ಬಣ್ಣದ ಕೋಟು ಹಾಕಿದ್ದಳು, ಕೈಯಲ್ಲಿ ಹಾಳೆಗಳು ಮಡಿಯದಂತೆ ಒಯ್ಯಲು ಒಂದು ಚಪ್ಪಟೆ ಪೆಟ್ಟಿಗೆ. ಬಾಗಿಲಲ್ಲೇ ನಿಂತು ಆದದ್ದನ್ನು ಹೇಳಿದೆ, ಪಟ್ಟಿಯ ಏಳನೆಯ ಸಾಲಿನ ಸಮೇತ.

"ಯಾವತ್ತು ಹಾಕಿದ್ದು?" ಎಂದಳು.

ಗುರುವಾರ. ಮಗಳು ಕೆಲಸಕ್ಕೆ ಹೋಗುವಾಗ ಊರ ಹೊರಗಿನ ಹಳೆ ಕಾಗದದ ಕೇಂದ್ರದಲ್ಲಿ ನಾಲ್ಕು ಕಟ್ಟುಗಳನ್ನು ಇಳಿಸಿ ಹೋಗಿದ್ದಳು.

"ಎರಡೇ ದಿನ," ಎಂದಳು ವಿದ್ಯಾರ್ಥಿನಿ. "ಹೋಗೋಣ."

ನಾಲ್ವರೂ ಹೊರಟೆವು. ಪಕ್ಕದ ಮನೆಯ ಜಗಲಿಯಲ್ಲಿ ಹ್ಯಾಲೋವೀನ್ ಮುಗಿದು ಒಂಬತ್ತು ದಿನವಾದರೂ ಒಂದು ಪ್ಲಾಸ್ಟಿಕ್ ಬಾವಲಿ ತೂಗುತ್ತಿತ್ತು, ಕೋರೆಹಲ್ಲು, ಬಾಯಿಂದ ರಕ್ತ. ಹಣ್ಣು ತಿನ್ನುವ ಪ್ರಾಣಿಗೆ ಎಲ್ಲಿಯ ರಕ್ತ? ಬೇರೆ ದಿನವಾಗಿದ್ದರೆ ನೋಡಿಯೂ ನೋಡದಂತೆ ಹೋಗುತ್ತಿದ್ದೆ. ಅಂದು ಕಿತ್ತು ಹಾಕಬೇಕೆನಿಸಿತು. ಇಲ್ಲಿನವರಿಗಾದರೂ ಅದು ಆಟ. ನಮ್ಮವರಿಗೆ ಏನು ಕೇಡು? ಹಿಂದಿನ ವರ್ಷ ನಮ್ಮ ಕನ್ನಡದವರ ಊಟದಲ್ಲಿ ನಾನು ಜಾಂಬಿಯಾದ ಮಾತು ತೆಗೆದಾಗ ಒಬ್ಬಾಕೆ, "ಛೀ, ಬಾವಲೀನಾ ಆಂಟಿ? ಹಬ್ಬದ ದಿನ ಅದ್ಯಾಕೆ, ಅಪಶಕುನ," ಎಂದು ಮೂಗು ಮುರಿದಿದ್ದಳು. ಅವಳ ತಟ್ಟೆಯಲ್ಲಿ ಬಾಳೆಹಣ್ಣಿನ ಸೀಕರಣೆ ಇತ್ತು. "ಕಾಡುಬಾಳೆಯ ಹೂವಿಗೆ ಪರಾಗ ಮುಟ್ಟಿಸೋದು ಬಾವಲಿ ಕಣಮ್ಮ. ಬಾಳೆಯ ಮೂಲ ಅದೇ. ತಿನ್ನು," ಎಂದೆ. ಅವಳು ಎದ್ದು ಬೇರೆ ಮೇಜಿಗೆ ಹೋದಳು.

ಹಕ್ಕಿ ಹೆಚ್ಚಾಗಿ ಒಂದು ಮರದಲ್ಲಿ ತಿಂದು ಇನ್ನೊಂದು ಮರದಲ್ಲಿ ಕುಳಿತು ಬೀಜ ಉದುರಿಸುತ್ತದೆ. ಕಾಡಿನ ಬೀಜ ಕಾಡಿನಲ್ಲೇ ಉಳಿಯುತ್ತದೆ. ಬಾವಲಿ ಹಾಗಲ್ಲ. ಹಣ್ಣು ತಿಂದು ಮೈಲಿಗಟ್ಟಲೆ ಬಯಲ ಮೇಲೆ ಹಾರುತ್ತದೆ, ಹಾರುತ್ತಲೇ ಹಿಕ್ಕೆ ಹಾಕುತ್ತದೆ. ಕಡಿದ ಗುಡ್ಡ, ಸುಟ್ಟ ಹೊಲ, ಮರವೇ ಇಲ್ಲದ ಜಾಗದಲ್ಲಿ ಮೊದಲ ಮೊಳಕೆ ಅದರದು. ಆಫ್ರಿಕಾದಲ್ಲಿ ಬೆಲೆಬಾಳುವ ಇರೋಕೊ ಮರದ ಬೀಜವನ್ನು ದೂರಕ್ಕೆ ಒಯ್ಯುವುದು ಇದೇ ಬಾವಲಿ. ಮರ ಬೇಕು, ಮರದ ಮೇಜು ಬೇಕು, ನೆಟ್ಟವನು ಅಪಶಕುನ. ಇದನ್ನು ನಾನು ಹದಿಮೂರು ವರ್ಷ ಮಕ್ಕಳಿಗೆ ಹೇಳಿದೆ. ಕೇಳಿದವರಲ್ಲಿ ಒಬ್ಬಳು ಅದನ್ನೇ ಹಿಡಿದು ಸಮುದ್ರ ದಾಟಿ ಬಂದಳು. ಅವಳಿಗೆ ಕೊಡಬೇಕಾದ್ದನ್ನು ನಾನು ಕಸಕ್ಕೆ ಹಾಕಿಸಿದೆ.

ಕೇಂದ್ರದಲ್ಲಿ ಕಬ್ಬಿಣದ ದೊಡ್ಡ ದೊಡ್ಡ ಡಬ್ಬಗಳು ಸಾಲಾಗಿದ್ದವು, ಒಂದೊಂದೂ ಲಾರಿಯಷ್ಟು. ಕಾವಲಿಗಿದ್ದವನು ನನ್ನದೇ ವಯಸ್ಸಿನ ಕರಿಯ ಮನುಷ್ಯ, ಕಿತ್ತಳೆ ಬಣ್ಣದ ಅಂಗಿ, ಇಸ್ತ್ರಿ ಮಾಡಿದ ಪ್ಯಾಂಟು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಡಬ್ಬದ ಅಂಚಿಗೆ ಕೈ ಹಾಕಿದ್ದೇ ತಡ, ಬಂದು ಅಡ್ಡ ನಿಂತ.

"ಇಲ್ಲ ಮ್ಯಾಮ್. ಒಳಗೆ ಯಾರೂ ಇಳಿಯುವಂತಿಲ್ಲ. ಬೋರ್ಡು ಇದೆ."

"ನನ್ನ ಕಾಗದ ಅದರಲ್ಲಿದೆ."

"ಹಾಕಿದ ಮೇಲೆ ನಿಮ್ಮದಲ್ಲ."

ಅವನ ಮೇಲೆ ರೇಗಿದೆ. ಸರ್ಕಾರ, ನಿಯಮ, ಬೋರ್ಡು, ಎಲ್ಲದರ ಮೇಲೂ ಬಾಯಿಗೆ ಬಂದದ್ದು ಅಂದೆ. ಅವನು ಕೈಕಟ್ಟಿ ಕೇಳಿಸಿಕೊಂಡ. ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ ಎಂಬುದು ರೇಗುತ್ತಿರುವಾಗಲೇ ಗೊತ್ತಿತ್ತು, ಅದರಿಂದ ಕೋಪ ಇನ್ನೂ ಏರಿತು. ನಾನು ಉಸಿರು ತೆಗೆದುಕೊಳ್ಳಲು ನಿಂತಾಗ ವಿದ್ಯಾರ್ಥಿನಿ ಮೆಲ್ಲಗೆ ವಿಷಯ ಹೇಳಿದಳು. ಅವನು ಪೂರ್ತಿ ಕೇಳಿ, "ಬಾವಲಿಗೋಸ್ಕರ?" ಎಂದ.

"ಬಾವಲಿಗೋಸ್ಕರ," ಎಂದಳು.

ತಲೆ ಕೆರೆದುಕೊಂಡ. "ನೀವು ಇಳಿಯುವಂತಿಲ್ಲ. ನಾನು ಕೊಕ್ಕೆ ಹಾಕಿ ಎಳೆಯಬಹುದು. ಮೂರಕ್ಕೆ ಮುಚ್ಚುತ್ತೇನೆ. ನಿಮ್ಮ ಕಟ್ಟು ಅಂತ ಹೇಗೆ ಗುರುತು ಹಿಡಿಯೋದು?"

ಆಗ ಮಗಳು ಬಾಯಿಬಿಟ್ಟಳು. "ಸೀರೆ ಬಾರ್ಡರ್! ಅಮ್ಮ, ನಿನ್ನ ಹಸಿರು ಸೀರೆದು!"

ನಮ್ಮ ಮನೆಯಲ್ಲಿ ಕಾಗದ ಕಟ್ಟಲು ಅಂಗಡಿಯ ದಾರ ತರುವುದಿಲ್ಲ. ಹರಿದ ಸೀರೆಯ ಅಂಚನ್ನು ಉದ್ದಕ್ಕೆ ಸೀಳಿ, ಅಡ್ಡ ಉದ್ದ ಎರಡು ಸುತ್ತು, ಮೇಲೆ ಗಂಟು. ಅದೂ ಹಾಸ್ಟೆಲಿನದೇ ಪಾಠ. ಆ ಕಂದು ಬೂದು ಕಾಗದದ ರಾಶಿಯಲ್ಲಿ ಹಸಿರು ಸೀರೆಯ ಕೆಂಪಂಚು ಕಾಣದೇ ಇರುವುದಿಲ್ಲ.

ಅವನು ಉದ್ದನೆಯ ಕೊಕ್ಕೆಯಲ್ಲಿ ಎಳೆದು ಹಾಕಿದ, ನಾವು ಕೆಳಗೆ ವಿಂಗಡಿಸಿದೆವು. ಚಳಿಗಾಳಿ ಬೀಸುತ್ತಿತ್ತು. ವಿದ್ಯಾರ್ಥಿನಿಯ ಬೂದು ಕೋಟಿಗೆ ಮಸಿ ಹತ್ತಿತು. ಅಳಿಯ ಕೈಗವಸು ತಂದಿರಲಿಲ್ಲ, ಬೆರಳುಗಳಿಗೆ ಬಿಸಿಯುಸಿರು ಊದುತ್ತಲೇ ಎತ್ತಿದರು. ಒಂದೂ ಇಪ್ಪತ್ತಕ್ಕೆ ಮೊದಲ ಕಟ್ಟು ಸಿಕ್ಕಿತು. ಬಿಚ್ಚಿದರೆ ಬರೀ ಪೇಪರು ಮತ್ತು ಅಂಗಡಿಗಳ ಜಾಹೀರಾತು. ಎರಡೂ ಐದಕ್ಕೆ ಇನ್ನೊಂದು. ಅದರ ನಡುವೆ, ಪೇಪರುಗಳ ಮಧ್ಯೆ ಒತ್ತಿಕೊಂಡು, ಕ್ಯಾಲೆಂಡರಿನ ಹಾಳೆಗಳು. ವಿದ್ಯಾರ್ಥಿನಿ ನೆಲದ ಮೇಲೇ ಕುಳಿತು ನವೆಂಬರ್ ತೆರೆದಳು. ಕನ್ನಡ ಅವಳಿಗೆ ಬಾರದು. ಆದರೆ ಕೆಂಪು ಶಾಯಿಯ ಚೌಕದ ಮೇಲೆ ಬೆರಳಿಟ್ಟು, "ಸರ್," ಎಂದಳು.

ಮುಚ್ಚುವ ಹೊತ್ತಿನವರೆಗೂ ಹುಡುಕಿದೆವು. ಉಳಿದೆರಡು ಕಟ್ಟು ಸಿಗಲಿಲ್ಲ. ಶುಕ್ರವಾರ ಬೆಳಿಗ್ಗೆ ಒಂದು ಡಬ್ಬವನ್ನು ಲಾರಿ ಒಯ್ದಿತ್ತು ಎಂದು ಅವನು ಹೇಳಿದ. ಹೊರಡುವಾಗ ನಾನು ಅವನ ಬಳಿ ಹೋಗಿ, ಮೊದಲು ಆಡಿದ ಮಾತಿಗೆ ಕ್ಷಮೆ ಕೇಳಿದೆ. "ನನ್ನ ಹೆಂಡತಿ ಇದಕ್ಕಿಂತ ಜೋರು," ಎಂದ.

ಮೂರೂವರೆಗೆ ಮನೆ. ಸಿಕ್ಕಿದ್ದು ಆರು ವರ್ಷ: ಎಪ್ಪತ್ತೈದು, ಎಪ್ಪತ್ತಾರು, ಎಪ್ಪತ್ತೇಳು, ಎಂಬತ್ತು, ಎಂಬತ್ತೊಂದು, ಎಂಬತ್ತಮೂರು. ಹೋದದ್ದು ಏಳು. ಮಗಳು ಎಲ್ಲರಿಗೂ ಕಾಫಿ ಕೊಟ್ಟು, ನನ್ನ ಲೋಟವನ್ನು ಮಾತ್ರ ಕುಕ್ಕಿ ಇಟ್ಟಳು. ಕುಡಿದೆ.

ನಾನು ಗೆರೆ ಎಳೆದ ಹಾಳೆ ತೆಗೆದು, ಎಡಕ್ಕೆ ಹದಿಮೂರು ವರ್ಷ ಬರೆದು, ಬಂದ ದಿನ, ಹೋದ ದಿನ ಎಂದು ಎರಡು ಕಾಲಮ್ಮು ಹಾಕಿದೆ. ಇಂಗ್ಲಿಷಿನಲ್ಲಿ, ದೊಡ್ಡ ಅಕ್ಷರದಲ್ಲಿ. ಆರು ವರ್ಷದ ದಿನಗಳು ಕೂತವು. ಆರೂ ಸಲ ಅಕ್ಟೋಬರಿನ ಕೊನೆಯ ವಾರ, ಇಲ್ಲವೇ ನವೆಂಬರಿನ ಮೊದಲ ವಾರ. ಅವಳ ವಾದ ಸರಿಯಾಗಿತ್ತು. ಆದರೆ ಸಾಲುಗಳ ನಡುವಿನ ತೂತುಗಳು ಕಣ್ಣಿಗೆ ಹೊಡೆಯುತ್ತಿದ್ದವು. ಎಂಬತ್ತೆರಡು ನನಗೆ ಚೆನ್ನಾಗಿ ನೆನಪಿತ್ತು. ಶಾಲೆಯ ಪರೀಕ್ಷೆ ಶುರುವಾದ ಸೋಮವಾರ, ಸಂಜೆಯ ಓದಿನ ಹೊತ್ತು. ಮಕ್ಕಳೆಲ್ಲ ಪೆನ್ನು ಬಿಟ್ಟು ಕಿಟಕಿಗೆ ಓಡಿದ್ದರು. ನವೆಂಬರ್ ಒಂದು. ಅಥವಾ ಎಂಟು. ಒಂದೇ ಇರಬೇಕು. ಈ ಹುಡುಗಿಯ ಬುಧವಾರ ನನ್ನ ಮುಂದೆ ಖಾಲಿ ಬಿದ್ದಿತ್ತು, ಅದನ್ನು ಖಾಲಿ ಮಾಡಿದವಳು ನಾನು. ಎಂಬತ್ತೆರಡರ ಮುಂದೆ 'ನವೆಂಬರ್ ೧' ಎಂದು ಬರೆದೆ. ಎಂಬತ್ತನಾಲ್ಕಕ್ಕೆ ಪೆನ್ನು ಒಯ್ದೆ.

ಎದುರು ಕುಳಿತವಳು ನೋಡುತ್ತಿದ್ದಳು.

"ಮೇಡಂ, ಎಂಬತ್ತೆರಡು ಎಲ್ಲಿಂದ ಬಂತು?"

"ನೆನಪಿದೆ."

"ಬರೆದದ್ದು ಇದೆಯಾ?"

"ನೀನೂ ಆ ಕ್ಲಾಸಲ್ಲೇ ಇದ್ದೆಯಲ್ಲ! ನಿನಗೆ ನೆನಪಿಲ್ವಾ?"

"ಇದೆ. ನನ್ನ ನೆನಪಲ್ಲಿ ಅದು ಎಂಟು." ಪೆಟ್ಟಿಗೆಯ ಮುಚ್ಚಳದ ಮೇಲೆ ಕೈಯಿಟ್ಟುಕೊಂಡೇ ಹೇಳಿದಳು: "ಐವತ್ತು ಸಲ ಬರೆಸಿದ್ರಿ ಮೇಡಂ. ಬೆರಳು ಊದಿಕೊಂಡಿತ್ತು. ಈಗ ನಿಮ್ಮ ಕೈಲಿ ನಾನು ಬರೆಸಬೇಕಾ?"

ಅಡುಗೆಮನೆಯಲ್ಲಿ ಅಳಿಯ ಕಿಸಕ್ಕನೆ ನಕ್ಕರು. ಮಗಳು ಗದರಿದಳು. ನನಗೆ ಕಿವಿಯವರೆಗೂ ಬಿಸಿಯೇರಿತು. ದಿನವಿಡೀ ಮಗಳ ಮೇಲೆ, ಕಾವಲಿನವನ ಮೇಲೆ, ಪಕ್ಕದ ಮನೆಯ ಪ್ಲಾಸ್ಟಿಕ್ಕಿನ ಮೇಲೆ ಹರಿಸಿದ ಕೋಪ ಅಲ್ಲಿಗೆ ಬಂದು ನನ್ನ ಪೆನ್ನಿನ ತುದಿಯಲ್ಲಿ ನಿಂತಿತು.

"ಬುಧವಾರ ಏನು ಹೇಳ್ತೀಯ ಮತ್ತೆ?" ಎಂದೆ.

"ಆರು ಹಳೇದು, ಮೂರು ನಂದು, ಒಂಬತ್ತು. ಏಳು ಇಲ್ಲ, ಯಾಕೆ ಇಲ್ಲ ಅಂತಾನೂ ಹೇಳ್ತೀನಿ. ದೇವರ ವಿಷಯ ಸಮೇತ. ನಂಬಿದ್ರೆ ನಂಬ್ತಾರೆ. ಒಂದು ಸುಳ್ಳು ಸಿಕ್ಕಿದ್ರೆ ಆ ಆರೂ ಹೋಗ್ತವೆ."

ನಾನು ಆ ಹಾಳೆಯನ್ನು ನಾಲ್ಕಾಗಿ ಹರಿದು ಹೊಸದನ್ನು ತೆಗೆದೆ. ಮತ್ತೆ ಹದಿಮೂರು ವರ್ಷ, ಎರಡು ಕಾಲಮ್ಮು. ಏಳು ಸಾಲುಗಳಲ್ಲಿ 'ದಾಖಲೆ ಇಲ್ಲ' ಎಂದು ಬರೆದೆ, ಏಳು ಸಲವೂ ಪೂರ್ತಿಯಾಗಿ, ಮೇಲಿನಂತೆ ಎಂಬ ಚುಕ್ಕೆಗಳನ್ನು ಹಾಕದೆ. ಕೆಳಗೆ ಸಹಿ, ದಿನಾಂಕ. 'ಬಾ. ಬಂತು' ಎಂದರೇನೆಂದು ಒಂದು ಟಿಪ್ಪಣಿ. ಆರು ವರ್ಷದ ಹಾಳೆಗಳನ್ನು ಅವಳ ಪೆಟ್ಟಿಗೆಯಲ್ಲಿ ನಾನೇ ಇಟ್ಟೆ. ಅವರ ಅಕ್ಷರ ಮನೆಯಿಂದ ಹೊರಗೆ ಹೋಗುವುದು ನನಗೆ ಇಷ್ಟವಿರಲಿಲ್ಲ. ಟ್ರಂಕಿನಲ್ಲಿ ಭದ್ರವಾಗಿ ಇದ್ದಾಗ ಏನಾಯಿತೆಂದು ನೋಡಿದ್ದಾಗಿತ್ತು.

ಐದಕ್ಕೆ ಅವಳು ಹೊರಟಳು. ಹೊರಗೆ ಆಗಲೇ ಕತ್ತಲಾಗುತ್ತಿತ್ತು. ಕಾರಿನ ಬಾಗಿಲು ತೆರೆದು ಮೇಲೆ ನೋಡಿ, "ಈ ವಾರ ಬಂದಿರುತ್ತವೆ ಮೇಡಂ," ಎಂದಳು. "ಅಲ್ಲಿ ಯಾರು ಬರೆದುಕೊಳ್ತಿದ್ದಾರೋ."

ಮರುದಿನ ನರಕ ಚತುರ್ದಶಿ. ಹಾಗಾಗಿ ಅಂದೇ ಸಂಜೆ ನೀರು ತುಂಬುವ ಹಬ್ಬ. ಇಲ್ಲಿ ಹಂಡೆಯಿಲ್ಲ, ಸಾರಿನ ದೊಡ್ಡ ಪಾತ್ರೆ. ಮಗಳು ಅದನ್ನು ತಿಕ್ಕಿ ತಂದಳು, ನಾನು ಸುಣ್ಣದ ಗೆರೆ ಎಳೆದೆ. ನೀರು ತುಂಬುತ್ತಿರುವಾಗ ಅವಳು, "ಮುಂದಿನ ವರ್ಷ ಲಿಸ್ಟಲ್ಲಿ ಸರಿಯಾಗಿ ಬರಿ," ಎಂದಳು. "ಮುಂದಿನ ವರ್ಷ ಕೇಳಿ ಮಾಡು," ಎಂದೆ. ಆರೂಕಾಲಿಗೆ ನಲ್ಲಿ ನಿಲ್ಲಿಸಿದೆವು.

ಆಮೇಲೆ ಕೋಣೆಗೆ ಹೋಗಿ ಹದಿಮೂರು ದೇವರನ್ನು ಮಂಚದ ಮೇಲೆ ಹರಡಿದೆ. ಪಟಗಳ ಮೂಲೆಯಲ್ಲಿ ಇಸವಿ ಅಚ್ಚಾಗಿತ್ತು. ಆರು ಪಟಗಳ ಹಿಂದೆ 'ಇದರ ದಿನಗಳು ಫೇರ್‌ಫ್ಯಾಕ್ಸಿನಲ್ಲಿವೆ' ಎಂದು ಬರೆದು ತಾರೀಖು ಹಾಕಿದೆ. ಏಳರ ಹಿಂದೆ 'ಇದರ ದಿನಗಳು ಇಲ್ಲ' ಎಂದು ಬರೆದೆ. ಎಂಬತ್ತೆರಡರದು ಸರಸ್ವತಿ. ಅದರ ಹಿಂದೆ ಬರೆಯುವಾಗ ಪೆನ್ನು ಜೋರಾಗಿ ಒತ್ತಿ ರಟ್ಟಿಗೆ ತೂತಾಯಿತು. ಶಾಯಿ ಆರಿದ ಮೇಲೆ ವರ್ಷದ ಪ್ರಕಾರ ಜೋಡಿಸಿ, ಹಸಿರು ಸೀರೆಯ ಅಂಚಿನಲ್ಲಿ ಅಡ್ಡ ಉದ್ದ ಕಟ್ಟಿ, ಟ್ರಂಕಿನಲ್ಲಿಟ್ಟು ಬೀಗ ಹಾಕಿದೆ.